ರಕ್ತದ ಆಣೆವಾರಿ

ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಮಳೆ ಕೈಕೊಟ್ಟ ವರ್ಷ ರೈತನು ಸರಕಾರಕ್ಕೆ ಸಲ್ಲಿಸಬೇಕಾದ ಭೂಕಂದಾಯವನ್ನು ವಸೂಲು ಮಾಡತಕ್ಕದ್ದೋ ತಡೆಹಿಡಿಯತಕ್ಕದ್ದೋ ಎಂಬ ಪ್ರಶ್ನೆಯು ಆಣೆವಾರಿ ಎಂಬ ಒಂದೇ ಒಂದು ಅಂಕಿಯಿಂದ ನಿರ್ಣಯವಾಗುತ್ತಿದ್ದಿತು. ಚೆನ್ನಾದ ಸುಗ್ಗಿಯನ್ನು ಹದಿನಾರಾಣೆಯೆಂದು ಹಿಡಿದು, ಪ್ರಸ್ತುತ ವರ್ಷದ ಫಸಲು ಅದರ ಮುಂದೆ ಎಂಟಾಣೆಯೋ ಆರಾಣೆಯೋ ನಾಲ್ಕಾಣೆಯೋ ಎಂದು ಅಂದಾಜು ಕಟ್ಟುವುದು ಇದರ ಕ್ರಮ; ಬೆಳೆಯು ನಾಲ್ಕಾಣೆಗೆ ಇಲ್ಲವೆ ಅದಕ್ಕೂ ಕೆಳಗೆ ಇಳಿದಿದ್ದರೆ ಆ ವರ್ಷದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂಬುದು ನಿಯಮ. ನವಲಗುಂದ, ಅಣ್ಣಿಗೇರಿಗಳ ಎರೆ ಭೂಮಿಯಲ್ಲಿ ಹತ್ತಿಯನ್ನೂ ಹಿಂಗಾರಿ ಜೋಳವನ್ನೂ ನೆಚ್ಚಿದ ಒಕ್ಕಲಿಗನಿಗೆ ಈ ಅಂಕಿಯ ಮಹತ್ವವು ಎಷ್ಟಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. (ಕುಂದಗೋಳದವರ ಲೆಕ್ಕ ಮಾತ್ರ ಬೇರೆ, ಅದು 1948ರ ವಿಲೀನದವರೆಗೆ ಜಮಖಂಡಿ ಸಂಸ್ಥಾನದ ಪಟವರ್ಧನರ ಆಳ್ವಿಕೆಯಲ್ಲಿದ್ದ ಸೀಮೆ.) ಅದೇ ಪ್ರಾಂತದ ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1918ರಲ್ಲಿ ಗಾಂಧೀಜಿಯವರು ನಡೆಸಿದ ಸತ್ಯಾಗ್ರಹದ ಮೂಲವೂ ಈ ಅಂಕಿಯೇ ಆಗಿದ್ದಿತು: ಬೆಳೆ ನಾಲ್ಕಾಣೆಗಿಂತ ಹೆಚ್ಚೆಂದು ಅಧಿಕಾರಿಗಳು, ನಾಲ್ಕಾಣೆಯೂ ಇಲ್ಲವೆಂದು ರೈತರು. ಒಂದೇ ಹೊಲವನ್ನು ಕಂಡು ಇಬ್ಬರು ಕಟ್ಟಿದ ಅಂದಾಜುಗಳು ಭಿನ್ನವಾಗಿದ್ದವು.

ಆಣೆಯು ಚಲಾವಣೆಯಿಂದ ಹೋಗಿ ಬಹುಕಾಲವಾಯಿತು. ಆದರೆ ಇಂದು ಅದೇ ಸೀಮೆಯ ಕೆಲವು ಮನೆಗಳಲ್ಲಿ, ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಬರುವ ಮತ್ತೊಂದು ಅಂಕಿಗಾಗಿ ಅಷ್ಟೇ ಆತಂಕದಿಂದ ಕಾಯುವವರಿದ್ದಾರೆ. ಅವರಿಗೆ ತಗಲಿರುವ ರೋಗದ ಹೆಸರು ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ವೈದ್ಯರ ಬಾಯಿಯಲ್ಲಿ ಸಿ.ಎಂ.ಎಲ್., ಊರವರ ಬಾಯಿಯಲ್ಲಿ ಬರಿಯ ಬ್ಲಡ್ ಕ್ಯಾನ್ಸರ್. "ಹ್ವಾದ ಸಲದಕಿಂತ ಏರೇತಲ್ರಿ ಡಾಕ್ಟರ್ರ, ಏನಾತ್ರಿ ಈಗ?" ಎಂದು ಕೇಳುವ ರೋಗಿಗೆ ದೊರೆಯಬೇಕಾದ ಉತ್ತರವು ಆ ಅಂಕಿಯು ಹುಟ್ಟಿಬಂದ ಚರಿತ್ರೆಯಲ್ಲಿಯೇ ಅಡಗಿದೆಯೆಂಬುದು ನನ್ನ ನಂಬಿಕೆಯಾದುದರಿಂದ, ಆ ಚರಿತ್ರೆಯನ್ನು ಈ ಜಿಲ್ಲೆಯ ಕಡೆಯಿಂದ ನಿಂತು ನೋಡಲು ಇಲ್ಲಿ ಯತ್ನಿಸಿದ್ದೇನೆ.

1845ರಲ್ಲಿ ಎಡಿನ್‌ಬರೋ ನಗರದ ಜಾನ್ ಹ್ಯೂಸ್ ಬೆನೆಟ್ಟನೂ ಬರ್ಲಿನ್ನಿನ ರುಡಾಲ್ಫ್ ವಿರ್ಚೋವನೂ, ಒಬ್ಬನು ಇನ್ನೊಬ್ಬನ ಕಾರ್ಯವನ್ನು ಅರಿಯದೆಯೇ, ಕೆಲವು ವಾರಗಳ ಅಂತರದಲ್ಲಿ, ಗುಲ್ಮವು ವಿಪರೀತವಾಗಿ ಬೆಳೆದು ರಕ್ತವು ಕೀವಿನಂತೆ ಬಿಳುಪೇರಿ ಮೃತರಾದ ರೋಗಿಗಳ ವೃತ್ತಾಂತಗಳನ್ನು ಪ್ರಕಟಿಸಿದರು. ಆ ಕಾಲಕ್ಕೆ ನಮ್ಮ ಕಲಘಟಗಿಯ ಕಡೆಯಲ್ಲಿ ಅಂತಹ ರೋಗಿಯೊಬ್ಬನಿದ್ದಿದ್ದರೆ ಅವನನ್ನು ಯಾರೂ ಅಪೂರ್ವನೆಂದು ಭಾವಿಸುತ್ತಿರಲಿಲ್ಲ. ಧಾರವಾಡದ ಪಶ್ಚಿಮಕ್ಕಿರುವ ಮಲ್ಲಾಡು ಆಗ ಚಳಿಜ್ವರದ ನೆಲೆಯಾಗಿದ್ದಿತು. ವರ್ಷವರ್ಷವೂ ಜ್ವರ ಬಂದು ಬಂದು ಎಡಪಕ್ಕೆಯ ಕೆಳಗೆ ಗುಲ್ಮವು ಊದಿ ಗಡ್ಡೆ ಕಟ್ಟಿದವರು ಅಲ್ಲಿ ಊರೂರಿಗೂ ಇದ್ದರು. ಆ ಗಡ್ಡೆಯು ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗಿಳಿದಿದೆಯೆಂದು ಕೈಯಿಂದ ಒತ್ತಿ ನೋಡುವುದೇ ವೈದ್ಯನ ಅಳತೆಯಾಗಿದ್ದಿತು. ಮೂರು ಬೆರಳು ಐದಾಯಿತೆಂದರೆ ರೋಗವು ಏರಿತು, ಐದು ಎರಡಾಯಿತೆಂದರೆ ಇಳಿಯಿತು. ಲ್ಯುಕೇಮಿಯಾದ ರೋಗಿಯು ಜ್ವರಗಡ್ಡೆಯವರ ಗುಂಪಿನಲ್ಲಿ ಒಬ್ಬನಾಗಿ, ಕ್ವಿನೈನನ್ನೋ ಕಷಾಯವನ್ನೋ ಕುಡಿದು, ಹೆಸರಿಲ್ಲದ ರೋಗದಿಂದ ತೀರಿಹೋಗಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಈ ಮಬ್ಬನ್ನು ಕಳೆದ ಘಟನೆಯು ಕುತೂಹಲಕರವಾಗಿ ಇದೇ ಸೀಮೆಯಲ್ಲಿಯೇ ನಡೆಯಿತು. ಎರಡನೆಯ ಮಹಾಯುದ್ಧವು ಮುಗಿಯುತ್ತ ಬಂದಾಗ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗಗಳು ನಡೆದವು. 1953ರಲ್ಲಿ ದೇಶಾದ್ಯಂತ ಪ್ರಾರಂಭವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಆ ಅನುಭವವು ಒಂದು ಆಧಾರವಾಯಿತು. ಜ್ವರವು ಹಿಂದೆ ಸರಿಯಲು ಎಡಪಕ್ಕೆಯ ಗಡ್ಡೆಯು ಅಪರೂಪವಾಯಿತು. ಅಪರೂಪವಾದುದರಿಂದಲೇ ಅದು ವೈದ್ಯನ ಸಂಶಯಕ್ಕೆ ಪಾತ್ರವಾಯಿತು. ಅದಕ್ಕಿಂತ ಮುಂಚೆ ಕೈಯಲ್ಲಿ ನಾಲ್ಕು ಕಾಸಿದ್ದ ರೋಗಿಗಳು ರೈಲು ಹತ್ತಿ, 1894ರಲ್ಲಿ ವಿಲಿಯಂ ವಾನ್‌ಲೆಸ್ ಸ್ಥಾಪಿಸಿದ ಮಿರಜದ ಮಿಶನ್ ದವಾಖಾನೆಗೆ ಹೋಗುವರು. 1941ರ ತರುವಾಯ ಇನ್ನೂ ಮುಂದಕ್ಕೆ, ಮುಂಬಯಿಯ ಟಾಟಾ ಆಸ್ಪತ್ರೆಗೆ. ಆ ಟಾಟಾ ಮನೆತನಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಕನ್ನಡಿಗರು ತಿಳಿದಿರುವುದು ಯುಕ್ತ. ದೊರಾಬ್ಜಿ ಟಾಟಾರ ಪತ್ನಿ ಮೆಹೆರ್‌ಬಾಯಿಯು ಮೈಸೂರು ಸಂಸ್ಥಾನದ ವಿದ್ಯಾಖಾತೆಯಲ್ಲಿ ಉನ್ನತಾಧಿಕಾರಿಯಾಗಿದ್ದ ಹೊರ್ಮುಸ್ಜಿ ಭಾಭಾರ ಮಗಳು, ಬೆಂಗಳೂರು ಮೈಸೂರುಗಳಲ್ಲಿ ಬೆಳೆದಾಕೆ, ಅಣುವಿಜ್ಞಾನಿ ಹೋಮಿ ಭಾಭಾರಿಗೆ ಸೋದರತ್ತೆ. ಆಕೆ 1931ರಲ್ಲಿ ಲ್ಯುಕೇಮಿಯಾದಿಂದ ಮೃತಳಾದಳು. ಮರುವರ್ಷವೇ ಆಕೆಯ ಹೆಸರಿನಲ್ಲಿ ಈ ರೋಗದ ಸಂಶೋಧನೆಗಾಗಿ ಸ್ಥಾಪಿತವಾದ ನಿಧಿಯು ಇಂದಿಗೂ ಜಗತ್ತಿನ ಅನೇಕ ಸಂಶೋಧಕರಿಗೆ ನೆರವಾಗುತ್ತಿದೆ. ಅಷ್ಟು ದೊಡ್ಡ ಐಶ್ವರ್ಯವು ಬೆನ್ನಿಗಿದ್ದರೂ ಆ ಕಾಲದ ಚಿಕಿತ್ಸೆಯು ಕೊಡಬಹುದಾಗಿದ್ದುದು ಪಾಷಾಣ (ಆರ್ಸೆನಿಕ್) ಬೆರೆತ ದ್ರಾವಣ ಮತ್ತು ಕ್ಷ-ಕಿರಣ, ಇವೆರಡರ ಆಚೆಗೆ ಹೆಚ್ಚೇನೂ ಇರಲಿಲ್ಲ.

ಬೆರಳಿನ ಅಳತೆಯ ತರುವಾಯ ಬಂದುದು ಎಣಿಕೆ. ರಕ್ತದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ಎಣಿಸಿದವನು ಜರ್ಮನಿಯ ಕಾರ್ಲ್ ಫಿಯರೋರ್ಟ್, 1852ರಲ್ಲಿ. ಆ ಕಣಗಳಿಗೆ ಬಣ್ಣವೇರಿಸಿ ಜಾತಿ ವಿಂಗಡಿಸುವ ವಿದ್ಯೆಯನ್ನು ಕೊಟ್ಟವನು ಪೌಲ್ ಎರ್ಲಿಕ್. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಪ್ರಾರಂಭವಾಗಿ, ಜನರ ಬಾಯಿಯಲ್ಲಿ ಕೆ.ಎಂ.ಸಿ. ಎಂದು ನೆಲೆಗೊಂಡ ಮೇಲೆ, ಕುಂದಗೋಳದಿಂದ ಬೆಳಗಿನ ರೈಲಿಗೆ ಬಂದ ರೋಗಿಯೂ ಈ ಎಣಿಕೆಯನ್ನು ಪಡೆಯುವುದು ಸಾಧ್ಯವಾಯಿತು. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿಯ ಕಣಗಳು ಸುಮಾರು 4,000ದಿಂದ 11,000ದವರೆಗೆ ಇರುವವು, ಸಿ.ಎಂ.ಎಲ್. ರೋಗಿಯಲ್ಲಿ ಅವು ಲಕ್ಷವನ್ನು ದಾಟುವುದುಂಟು. 1953ರಲ್ಲಿ ಬಂದ ಬುಸಲ್ಫಾನ್ ಗುಳಿಗೆಯೂ ಅನಂತರದ ಹೈಡ್ರಾಕ್ಸಿಯೂರಿಯಾ ಎಂಬುದೂ ಈ ಸಂಖ್ಯೆಯನ್ನು ಕೆಲವೇ ವಾರಗಳಲ್ಲಿ ನೆಲಕ್ಕಿಳಿಸುತ್ತಿದ್ದವು. ಗಡ್ಡೆ ಕರಗಿತು, ಎಣಿಕೆ ಸರಿಹೋಯಿತು, ರೋಗಿಯು ಬಿತ್ತನೆಗೆ ಮರಳಿದನು. ಕೆಲವು ವರ್ಷ ಕಳೆಯಲು ರೋಗವು ಉಗ್ರರೂಪವನ್ನು ತಾಳಿ ಅವನನ್ನು ಕೊಂಡೊಯ್ದಿತು. ಅಂಕಿಯು ಚೆನ್ನಾಗಿದ್ದಾಗಲೂ ರೋಗವು ಅಸ್ಥಿಮಜ್ಜೆಯಲ್ಲಿ ಹಾಗೆಯೇ ಕುಳಿತಿದ್ದಿತೆಂಬ ಈ ಕಹಿ ಅನುಭವವೇ, ಇನ್ನೂ ಆಳಕ್ಕೆ ಇಳಿಯುವ ಅಳತೆಯು ಬೇಕೆಂಬ ಹಂಬಲವನ್ನು ವೈದ್ಯರಲ್ಲಿ ಹುಟ್ಟಿಸಿತು.

ಆ ಆಳವು ಅಮೆರಿಕದಲ್ಲಿ ತೆರೆಯಿತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫರ್ಡ್ ಎಂಬ ಇಬ್ಬರು ಈ ರೋಗಿಗಳ ಕಣಗಳಲ್ಲಿ ಅಸಹಜವಾಗಿ ಗಿಡ್ಡವಾದ ಒಂದು ವರ್ಣತಂತುವನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ, ತಾನು ತೆಗೆದ ಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದಾಗ, 22ನೆಯ ವರ್ಣತಂತುವು ಕಳೆದುಕೊಂಡ ತುಂಡು 9ನೆಯದಕ್ಕೆ ಅಂಟಿಕೊಂಡಿರುವುದನ್ನು ಕಂಡುಕೊಂಡಳು. ಎರಡೂ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಆ ಬೆಸುಗೆಯ ಸ್ಥಾನದಲ್ಲಿ ಹುಟ್ಟುವ ಸಂಕರ ಜೀನೇ ಬಿ.ಸಿ.ಆರ್.-ಎ.ಬಿ.ಎಲ್. ಅದು ತಯಾರಿಸುವ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ 2001ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರ ಮುಖ್ಯ ಪರೀಕ್ಷಾರ್ಥ ಪ್ರಯೋಗದಲ್ಲಿ ಪ್ರಾರಂಭದಿಂದ ಈ ಗುಳಿಗೆಯನ್ನು ಪಡೆದವರಲ್ಲಿ ಹತ್ತು ವರ್ಷಗಳ ತರುವಾಯವೂ ಶೇಕಡ 83 ಮಂದಿ ಜೀವಂತರಾಗಿದ್ದರು.

ಗುಳಿಗೆಯು ಹುಟ್ಟಿದ ಮಾತ್ರಕ್ಕೆ ಅದು ಅಣ್ಣಿಗೇರಿಗೆ ಬಂದಂತಾಗಲಿಲ್ಲ. ಮೂಲ ಕಂಪನಿಯಾದ ನೊವಾರ್ಟಿಸ್ಸಿನ ಗ್ಲೀವೆಕ್ ಆಗ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೀಳುತ್ತಿದ್ದಿತು. ಭಾರತೀಯ ಕಂಪನಿಗಳು ತಯಾರಿಸಿದ ಅದೇ ಔಷಧವು ಆಗ ಸುಮಾರು 8,000ದಿಂದ 10,000 ಬೀಳುತ್ತಿದ್ದಿತು. ನೊವಾರ್ಟಿಸ್ ಕಂಪನಿಯು ಒಂದು ಕಡೆ ಅನೇಕ ಬಡ ರೋಗಿಗಳಿಗೆ ಧರ್ಮಾರ್ಥವಾಗಿ ಔಷಧವನ್ನು ಹಂಚಿತೆಂಬುದನ್ನೂ, ಮತ್ತೊಂದು ಕಡೆ ಪೇಟೆಂಟಿಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಸಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಆ ಪೇಟೆಂಟನ್ನು ನಿರಾಕರಿಸಿತು. ಎರಡೆಕರೆ ಹೊಲದವನ ಮನೆಯಲ್ಲಿ ಈ ಗುಳಿಗೆಯು ಇಂದು ಕಾಣುವುದಕ್ಕೆ ಆ ತೀರ್ಪು ಒಂದು ಕಾರಣ. 1973ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಕಿದ್ವಾಯಿಯಂತಹ ಸರಕಾರಿ ಸಂಸ್ಥೆಗಳೂ, ಈಚಿನ ಆರೋಗ್ಯ ಯೋಜನೆಗಳೂ ಮತ್ತೊಂದು.

ಗುಳಿಗೆಯು ರೋಗವನ್ನು ಇಷ್ಟು ಕೆಳಕ್ಕೆ ಅದುಮಿದ ಮೇಲೆ ಹಳೆಯ ಅಳತೆಗಳೆಲ್ಲ ಕುರುಡಾದವು. ಬಿಳಿಯ ಕಣಗಳ ಎಣಿಕೆ ಸಹಜ. ಸೊಂಟದ ಎಲುಬಿಗೆ ಸೂಜಿ ಚುಚ್ಚಿ ತೆಗೆದ ಮಜ್ಜೆಯ ಇಪ್ಪತ್ತು ಕಣಗಳ ವರ್ಣತಂತುಗಳನ್ನು ಪರೀಕ್ಷಿಸಿದರೂ ಒಂದೂ ದೋಷವಿಲ್ಲ. ಆಗ ನೆರವಿಗೆ ಬಂದುದು, 1983ರಲ್ಲಿ ಕ್ಯಾರಿ ಮುಲ್ಲಿಸನಿಗೆ ಹೊಳೆದ ಪಿ.ಸಿ.ಆರ್. ಎಂಬ ಉಪಾಯ: ಕಣ್ಣಿಗೆ ಕಾಣದಷ್ಟು ಅಲ್ಪವಾದ ಜೀನಿನ ಎಳೆಯನ್ನು ದ್ವಿಗುಣ ದ್ವಿಗುಣವಾಗಿ ಬೆಳೆಸಿ ಅಳೆಯುವ ಕ್ರಮ. ತೋಳಿನಿಂದ ತೆಗೆದ ಒಂದಿಷ್ಟು ರಕ್ತದಲ್ಲಿ ಬಿ.ಸಿ.ಆರ್.-ಎ.ಬಿ.ಎಲ್. ಸಂಕರದ ಪ್ರತಿಗಳೆಷ್ಟು, ಎಲ್ಲ ಕಣಗಳಲ್ಲಿಯೂ ಸಹಜವಾಗಿರುವ ಒಂದು ತುಲನಾ ಜೀನಿನ ಪ್ರತಿಗಳೆಷ್ಟು ಎಂದು ಎಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಶೇಕಡಾವಾರಾಗಿ ಬರೆಯುತ್ತಾರೆ. ರೋಗಿಯ ಕೈಗೆ ಬರುವ ಅಂಕಿಯು ಇದೇ.

ಇಲ್ಲಿಗೆ ಬಂದಾಗ ಖೇಡಾದ ಹಳೆಯ ಜಗಳವು ಪ್ರಯೋಗಾಲಯದಲ್ಲಿ ಮರುಹುಟ್ಟು ಪಡೆಯಿತು. ಒಂದೇ ರಕ್ತವನ್ನು ಎರಡು ಕಡೆ ಕಳುಹಿಸಿದರೆ ಎರಡು ಉತ್ತರ. ಯಂತ್ರ ಬೇರೆ, ರಾಸಾಯನಿಕ ಬೇರೆ, ಆರಿಸಿಕೊಂಡ ತುಲನಾ ಜೀನು ಬೇರೆ. ಹದಿನಾರಾಣೆ ಎಂದರೆ ಯಾವ ಸುಗ್ಗಿಯೆಂಬುದು ಎಲ್ಲರಿಗೂ ಒಪ್ಪಿಗೆಯಾಗದೆ ನಾಲ್ಕಾಣೆಗೆ ಅರ್ಥವಿಲ್ಲವಷ್ಟೆ? ಆದಕಾರಣ, ಇಮಾಟಿನಿಬ್ಬಿನ ಮೊದಲ ದೊಡ್ಡ ಪ್ರಯೋಗದಲ್ಲಿ ಇನ್ನೂ ಚಿಕಿತ್ಸೆ ಪಡೆಯದಿದ್ದ 30 ರೋಗಿಗಳ ರಕ್ತವನ್ನು ಅಡಿಲೇಡ್, ಲಂಡನ್, ಸಿಯಾಟಲ್ ನಗರಗಳ ಮೂರು ಪ್ರಯೋಗಾಲಯಗಳಲ್ಲಿ ಅಳೆದು, ಅವುಗಳ ಮಧ್ಯಮಾನವನ್ನು ಆಧಾರವಾಗಿಟ್ಟುಕೊಂಡರು. 2005ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಕೂಡಿದ ತಜ್ಞರು ಆ ಆಧಾರವನ್ನು ಶೇಕಡ 100 ಎಂದು ಹಿಡಿಯುವ ಅಂತರರಾಷ್ಟ್ರೀಯ ಮಾಪಕವನ್ನು ಪ್ರತಿಪಾದಿಸಿದರು. ವರದಿಯ ಮೇಲೆ ಐ.ಎಸ್. ಎಂಬ ಎರಡು ಅಕ್ಷರಗಳಿದ್ದರೆ ಅಂಕಿಯನ್ನು ಈ ಮಾಪಕಕ್ಕೆ ಪರಿವರ್ತಿಸಿ ಬರೆದಿದ್ದಾರೆಂದು ತಿಳಿಯಬೇಕು. ಶೇಕಡ 100 ಎಂದರೆ ಮೈಯ ರಕ್ತವೆಲ್ಲ ಕೆಟ್ಟಿದೆಯೆಂದೂ, ಶೇಕಡ 10 ಎಂದರೆ ಹತ್ತರಲ್ಲೊಂದು ಪಾಲು ಕೆಟ್ಟಿದೆಯೆಂದೂ ಅರ್ಥವಲ್ಲ. ಹದಿನಾರಾಣೆಯು ಹೇಗೆ ಯಾರೊಬ್ಬನ ಹೊಲದ ರಾಶಿಯೂ ಅಲ್ಲದೆ ಒಪ್ಪಂದದ ಒಂದು ಗುರುತಾಗಿದ್ದಿತೋ, ಈ ನೂರೂ ಹಾಗೆಯೇ. ಹೊಸ ರೋಗಿಯೊಬ್ಬನ ಮೊದಲ ಅಂಕಿಯು ನೂರನ್ನು ಮೀರಿದ್ದರೂ ಅದರಲ್ಲಿ ಅಚ್ಚರಿಯಿಲ್ಲ.

ಈ ಮಾಪಕದ ಮೆಟ್ಟಿಲುಗಳು ಹತ್ತು ಹತ್ತರ ಭಾಗಾಕಾರದವು. ಯುರೋಪಿನ ತಜ್ಞಮಂಡಲಿಯ ಸೂಚನೆಯಂತೆ ಮೂರು ತಿಂಗಳಿಗೆ ಅಂಕಿಯು 10ಕ್ಕೂ, ಆರು ತಿಂಗಳಿಗೆ 1ಕ್ಕೂ, ವರ್ಷಕ್ಕೆ 0.1ಕ್ಕೂ ಇಳಿಯುವುದು ಅಪೇಕ್ಷಣೀಯ. ರೋಗವು ಪತ್ತೆಯಾದಾಗ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೋಗಕಣಗಳಿರುವವೆಂದು ಅಂದಾಜು, 0.1 ಎಂಬ ಮೆಟ್ಟಿಲಿನಲ್ಲಿ, ಅಂದರೆ ಸಹಸ್ರಪಾಲು ಇಳಿದ ಮೇಲೂ, ನೂರು ಕೋಟಿ ಉಳಿದಿರುವವು. ಆದರೂ ಆ ಮೆಟ್ಟಿಲಿನ ಕೆಳಗೆ ನೆಲಸಿದವನಿಗೆ ರೋಗವು ಕೆರಳುವ ಭಯವು ಅತ್ಯಲ್ಪವೆಂದು ದೀರ್ಘಾನುಭವವು ತೋರಿಸಿದೆ. ಇನ್ನೂ ಕೆಳಗೆ 0.01, 0.0032 ಎಂಬ ಮೆಟ್ಟಿಲುಗಳಿವೆ. "ಕಂಡುಬಂದಿಲ್ಲ" ಎಂಬ ಒಕ್ಕಣೆಯನ್ನು ಓದುವಾಗ ಮಾತ್ರ ಎಚ್ಚರವಿರಬೇಕು: ತುಲನಾ ಜೀನಿನ ಪ್ರತಿಗಳು ಹತ್ತು ಸಾವಿರಕ್ಕೂ ಕಡಿಮೆ ಸಿಕ್ಕ ಮಾದರಿಯಲ್ಲಿ ರೋಗವು ಕಾಣದಿರುವುದು ರೋಗದ ಇಳಿತವನ್ನು ಸೂಚಿಸುವುದಕ್ಕಿಂತ ಮಾದರಿಯ ದೌರ್ಬಲ್ಯವನ್ನು ಸೂಚಿಸೀತು. ಅಳೆಯಬೇಕಾದ ಆರ್.ಎನ್.ಎ. ಎಂಬ ದ್ರವ್ಯವು ಬಹು ಬೇಗ ಹಾಳಾಗುವ ಸ್ವಭಾವದ್ದು. ನವಲಗುಂದ, ಕಲಘಟಗಿಗಳಿಗೆ ಇಂದಿಗೂ ರೈಲಿಲ್ಲದೆ ರೋಗಿಯು ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು ಕೊಟ್ಟ ರಕ್ತವು, ಅಲ್ಲಿಂದ ದೂರದ ನಗರದ ಪ್ರಯೋಗಾಲಯವನ್ನು ಎರಡು ದಿನಗಳೊಳಗೆ ಸೇರದಿದ್ದರೆ, ವರದಿಯ ಅಂಕಿಗೆ ಆ ವಿಲಂಬವೂ ಪಾಲುಗಾರನಾದೀತು.

ಹಾಗಾದರೆ ಏರಿದ ಅಂಕಿಯ ಅರ್ಥವೇನು? 0.02 ಇದ್ದುದು 0.04 ಆದರೆ ಎರಡು ಪಟ್ಟಾಯಿತೆಂದು ಮನೆಯವರು ಗೋಳಾಡುವರು. ಅಷ್ಟು ಕೆಳಗಿನ ಮಟ್ಟದಲ್ಲಿ ಎರಡು ಪಟ್ಟಿನ ಅಂತರವು ಅಳತೆಯಲ್ಲಿಯೇ ಅಡಗಿರುವ ತೂಗಾಟವಾಗಿರಬಹುದು. ಒಂದೇ ದಿನದ ರಕ್ತವನ್ನು ಒಂದೇ ಪ್ರಯೋಗಾಲಯವು ಎರಡು ಬಾರಿ ಅಳೆದರೂ ಅಷ್ಟು ವ್ಯತ್ಯಾಸವು ಬಂದೀತು. 0.02 ಇದ್ದುದು 0.1ನ್ನು ದಾಟಿ 0.5ಕ್ಕೆ ಹೋದರೆ, ಅದನ್ನು ಕೆಲವೇ ವಾರಗಳಲ್ಲಿ ಮರುಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೆ ಕಾರಣವನ್ನು ಹುಡುಕಬೇಕು. ನಡುವೆ ಪ್ರಯೋಗಾಲಯವನ್ನು ಬದಲಿಸಿದ್ದರೆ ಹಳೆಯ ಅಂಕಿಗೂ ಹೊಸ ಅಂಕಿಗೂ ನೇರವಾದ ಹೋಲಿಕೆಯೇ ಸಲ್ಲದು.

ಕಾರಣಗಳಲ್ಲಿ ಮೊದಲು ವಿಚಾರಿಸಬೇಕಾದುದು ಗುಳಿಗೆಯ ತಪ್ಪುವಿಕೆ. 2010ರಲ್ಲಿ ಲಂಡನ್ನಿನ ವೈದ್ಯರು 87 ರೋಗಿಗಳಿಗೆ, ಮುಚ್ಚಳವನ್ನು ತೆರೆದ ಹೊತ್ತನ್ನು ಗುರುತಿಸುವ ಸೂಕ್ಷ್ಮಯಂತ್ರವಿದ್ದ ಸೀಸೆಗಳಲ್ಲಿ ಗುಳಿಗೆ ಕೊಟ್ಟು ನೋಡಿದಾಗ, ತಿಂಗಳಿಗೆ ಸರಾಸರಿ ಮೂರು ದಿನ ಇಲ್ಲವೆ ಅದಕ್ಕೂ ಹೆಚ್ಚು ತಪ್ಪಿಸಿದವರಲ್ಲಿ 0.1ನ್ನು ಮುಟ್ಟಿದವರು ಮಿಕ್ಕವರಿಗಿಂತ ಬಹಳ ಕಡಿಮೆಯೆಂದು ಕಂಡುಬಂದಿತು. ನಮ್ಮ ಕಡೆಯವರು ತಪ್ಪಿಸುವುದು ಉದಾಸೀನದಿಂದಲೇ ಎಂದು ನಾನು ಹೇಳಲಾರೆ. ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೊರಟವನು ಡಬ್ಬಿಯನ್ನು ಮನೆಯಲ್ಲಿಯೇ ಮರೆತುಹೋಗುವನು. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಮಧ್ಯಾಹ್ನದ ಊಟವೇ ತಪ್ಪುವುದರಿಂದ ಊಟದೊಡನೆ ನುಂಗಬೇಕಾದ ಗುಳಿಗೆಯೂ ತಪ್ಪುವುದು. ಕಾಲು ಸೆಳೆತ, ಕಣ್ಣಿನ ಸುತ್ತಣ ಬಾವು, ಓಕರಿಕೆಗಳನ್ನು ತಾಳಲಾರದೆ ನಡುನಡುವೆ ಬಿಡುವವರೂ ಉಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮುಂತಾದ ಔಷಧಗಳು ಇಮಾಟಿನಿಬ್ಬಿನ ಬಲವನ್ನು ರಕ್ತದಲ್ಲಿಯೇ ಕುಗ್ಗಿಸುವವು. ಒಂದು ದವಾಖಾನೆಯ ಚೀಟಿಯನ್ನು ಇನ್ನೊಂದರಲ್ಲಿ ತೋರಿಸದವನಿಗೆ ಇದು ತಿಳಿಯುವುದೇ ಇಲ್ಲ. ಇವೊಂದೂ ಕಾರಣವಲ್ಲದಿದ್ದರೆ, ಆ ಸಂಕರ ಜೀನೇ ಮತ್ತೆ ರೂಪ ಬದಲಿಸಿ ಔಷಧಕ್ಕೆ ಸಿಲುಕದಂತಾಗಿದೆಯೇ ಎಂದು ಬೇರೊಂದು ಪರೀಕ್ಷೆಯಿಂದ ತಿಳಿದು, ಡಾಸಾಟಿನಿಬ್, ನಿಲೋಟಿನಿಬ್ ಮೊದಲಾದ ಎರಡನೆಯ ಪೀಳಿಗೆಯ ಔಷಧಗಳ ಕಡೆಗೆ ವೈದ್ಯನು ತಿರುಗುವನು. ದಾರಿಯು ಮುಚ್ಚಿಲ್ಲ.

ಇಷ್ಟೆಲ್ಲವನ್ನು ಹಳ್ಳಿಯವನು ತಿಳಿಯುವನೇ ಎಂದು ಹುಬ್ಬು ಗಂಟಿಕ್ಕುವ ವಿದ್ಯಾವಂತರು ನಮ್ಮಲ್ಲಿ ಕಡಿಮೆಯಿಲ್ಲ. ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ ಕರದ ಲೆಕ್ಕವನ್ನು ಪ್ರಶ್ನಿಸಿ 1980ರ ಜುಲೈ ತಿಂಗಳಿನಲ್ಲಿ ನವಲಗುಂದ, ನರಗುಂದಗಳ ರೈತರು ಎದ್ದುನಿಂತುದನ್ನು ಅಂತಹವರು ನೆನೆಯಬೇಕು. ಅಂಕಿಯು ಎಲ್ಲಿಂದ ಬಂದಿತು, ಯಾರು ಕಟ್ಟಿದರು, ಯಾವುದಕ್ಕೆ ಹೋಲಿಸಿ ಕಟ್ಟಿದರು ಎಂದು ಕೇಳುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ವರದಿಯು ಈಗ ವೈದ್ಯನಿಗಿಂತ ಮುಂಚೆ ಮೊಬೈಲಿಗೆ ಬರುವುದರಿಂದ, ಕಾಲೇಜಿಗೆ ಹೋಗುವ ಮಗನೋ ಮಗಳೋ ಅದನ್ನು ಓದಿ ಹೇಳುವ ಆ ರಾತ್ರಿಯಲ್ಲಿ, ಕೇಳುವ ಅಭ್ಯಾಸವೇ ಧೈರ್ಯ ಕೊಡಬಲ್ಲದು.

ಅಂಕಿಯು ಬಹುಕಾಲ ತಳದಲ್ಲಿ ನಿಂತವರು ಗುಳಿಗೆಯನ್ನು ಬಿಡಬಹುದೇ ಎಂಬುದಕ್ಕೂ ಉತ್ತರವು ಬಂದಿದೆ. 2010ರಲ್ಲಿ ಫ್ರಾನ್ಸಿನ ವೈದ್ಯರು, ಎರಡು ವರ್ಷಗಳಿಗೂ ಮಿಗಿಲಾಗಿ ರೋಗವು ಕಾಣದಿದ್ದ 100 ಜನರಲ್ಲಿ ಔಷಧವನ್ನು ನಿಲ್ಲಿಸಿ ನೋಡಿದ ಫಲವನ್ನು ಪ್ರಕಟಿಸಿದರು: ಸುಮಾರು ಶೇಕಡ 40 ಮಂದಿಯಲ್ಲಿ ರೋಗವು ಮರಳಲಿಲ್ಲ, ಮಿಕ್ಕವರಲ್ಲಿ ಬಹುಪಾಲು ಆರು ತಿಂಗಳೊಳಗೆ ಮರಳಿತು, ಗುಳಿಗೆಯನ್ನು ಪುನಃ ಪ್ರಾರಂಭಿಸಲು ಮತ್ತೆ ಅಡಗಿತು. ಈ ಪ್ರಯೋಗವು ಸಾಧ್ಯವಾದುದು ತಿಂಗಳು ತಿಂಗಳೂ ನಂಬಬಹುದಾದ ಪರೀಕ್ಷೆಯ ಕಾವಲಿದ್ದುದರಿಂದ. ಅಂತಹ ಕಾವಲಿಲ್ಲದೆ ಹಬ್ಬದ ಖರ್ಚಿಗೋ ಬೀಜಗೊಬ್ಬರಕ್ಕೋ ಹಣ ಉಳಿಸಲೆಂದು ತಾನಾಗಿ ನಿಲ್ಲಿಸುವುದು ಅಪಾಯಕರ. ಆದುದರಿಂದ ಈ ರೋಗವಿರುವ ಮನೆಯವರಲ್ಲಿ ನನ್ನ ಕೇಳಿಕೆಯಿಷ್ಟೆ: ಹಳೆಯ ವರದಿಗಳಲ್ಲಿ ಒಂದನ್ನೂ ಎಸೆಯದೆ ತಾರೀಖಿನ ಕ್ರಮದಲ್ಲಿ ಜೋಡಿಸಿಡಿ, ಸಾಧ್ಯವಿದ್ದಷ್ಟೂ ಒಂದೇ ಪ್ರಯೋಗಾಲಯಕ್ಕೆ ರಕ್ತವನ್ನು ಕಳುಹಿಸಿ, ಹೊಸ ವರದಿಯು ಬಂದಾಗ ಐ.ಎಸ್. ಎಂಬ ಗುರುತನ್ನೂ ತುಲನಾ ಜೀನಿನ ಪ್ರತಿಗಳ ಸಂಖ್ಯೆಯನ್ನೂ ನೋಡಿ, ಡಬ್ಬಿಯಲ್ಲಿ ನುಂಗದೆ ಉಳಿದ ಗುಳಿಗೆಗಳನ್ನು ಎಣಿಸಿ, ಅವನ್ನೆಲ್ಲ ತೆಗೆದುಕೊಂಡು ನಿಮ್ಮ ವೈದ್ಯರ ಬಳಿಗೆ ಹೋಗಿರಿ. ಅವರನ್ನು ಕಾಣುವವರೆಗೆ ಆ ದಿನದ ಗುಳಿಗೆಯನ್ನು ತಪ್ಪಿಸಬೇಡಿರಿ.